ಅರೆಕಾಸಿನ ಶಾಲೆಗಳು

ಘಟಪ್ರಭೆಯ ಎರಡೂ ದಂಡೆಗಳ ಹಳ್ಳಿಗಳಲ್ಲಿ ಸರಕಾರದ ಶಾಲೆಗಳು ಹುಟ್ಟುವದಕ್ಕೆ ಮೊದಲು ವಿದ್ಯೆಯು ಐಗಳ ಆಶ್ರಯದಲ್ಲಿದ್ದಿತು. ಗುಡಿಯ ಪಡಸಾಲೆಯೋ ಮಠದ ಮೂಲೆಯೋ ಊರ ಚಾವಡಿಯೋ ಶಾಲೆಯ ಸ್ಥಳ. ಧೂಳು ಹರವಿದ ಹಲಿಗೆಯೇ ಪುಸ್ತಕ. ಕಾಗುಣಿತ, ಮಗ್ಗಿ, ಲೆಕ್ಕಗಳೇ ಪಾಠ. ಐಗಳಿಗೆ ತಿಂಗಳ ಸಂಬಳವೆಂಬದು ಇರಲಿಲ್ಲ. ಸುಗ್ಗಿಯ ಕಾಲಕ್ಕೆ ರಾಶಿಯಿಂದ ಒಂದಿಷ್ಟು ಜೋಳ, ಹಬ್ಬ ಹುಣ್ಣಿವೆಗಳಲ್ಲಿ ಎಣ್ಣೆ ಬೇಳೆ, ಮದುವೆ ಮುಂಜಿಗಳಲ್ಲಿ ಒಂದು ಧೋತರ. ಇವುಗಳಿಂದ ಅವರ ಸಂಸಾರವು ಸಾಗಬೇಕು. ಬರಗಾಲ ಬಂದಿತೆಂದರೆ ಮೊದಲು ಮುಚ್ಚುವದು ಶಾಲೆ. ಮಳೆಯಾದರೆ ಮರಳಿ ತೆರೆಯುವದೂ ಅದೇ. ಅಂಥ ಶಾಲೆಯ ಖರ್ಚನ್ನು ಅರಸನೂ ಹೊರದೆ ತಂದೆಯೂ ಹೊರಲಾರದೆ ಇದ್ದಾಗ ಯಾರು ಹೊತ್ತರು, ಹೊತ್ತವರು ಅದಕ್ಕೆ ಪ್ರತಿಯಾಗಿ ಏನನ್ನು ಬಯಸಿದರು ಎಂಬ ಪ್ರಶ್ನೆಯು ವಿದ್ಯೆಯ ಇತಿಹಾಸವನ್ನು ಬರೆದವರ ಲೆಕ್ಕಣಿಕೆಗೆ ಅಪರೂಪವಾಗಿಯೇ ಸಿಕ್ಕಿರುವದು.

ಈ ಪ್ರಶ್ನೆಗೆ ಕನ್ನಡ ನಾಡಿನಲ್ಲಿ ದೊರೆಯುವ ಹಳೆಯ ಉತ್ತರಗಳಲ್ಲಿ ಒಂದು, ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಸಾಲೋಟಗಿಯ ಶಾಸನದಲ್ಲಿದೆ. ಶಕ ೮೬೭ರ, ಎಂದರೆ ಕ್ರಿ. ಶ. ೯೪೫ರ ಈ ಶಾಸನದ ಕಾಲಕ್ಕೆ ಆ ಊರಿಗೆ ಪಾವಿಟ್ಟಗೆಯೆಂದು ಹೆಸರು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ದೇಶದೇಶಗಳಿಂದ ವಿದ್ಯಾರ್ಥಿಗಳು ಬಂದರು. ಅವರ ವಾಸಕ್ಕೆ ೨೭ ಮನೆಗಳು, ಜೀವನಕ್ಕೆ ೫೦೦ ನಿವರ್ತನ ಭೂಮಿ, ದೀಪದ ಎಣ್ಣೆಗೆ ೧೨ ನಿವರ್ತನ, ಅಧ್ಯಾಪಕನಿಗೆ ೫೦ ನಿವರ್ತನ. ಇಷ್ಟೆಲ್ಲ ದೊಡ್ಡವರ ದಾನ. ಆದರೆ ಶಾಸನದ ಸ್ವಾರಸ್ಯವು ಮುಂದಿನ ಸಾಲುಗಳಲ್ಲಿದೆ. ಊರಿನವರು ಮದುವೆಗೆ ೫ ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಅದಕ್ಕೂ ಕಡಿಮೆ ನಾಣ್ಯವನ್ನು ಶಾಲೆಗೆ ಸಲ್ಲಿಸಬೇಕು. ಊರಲ್ಲಿ ಔತಣವಾದರೆ ಶಾಲೆಯ ಜನಕ್ಕೂ ಶಕ್ತಿಯಿದ್ದಷ್ಟು ಉಣಬಡಿಸಬೇಕು. ಇದು ದಾನವೋ ಕರವೋ ಎಂದು ತರ್ಕಿಸುವವರು ತರ್ಕಿಸಬಹುದು. ತನ್ನ ಮನೆಯ ಮಂಗಲಕಾರ್ಯದ ಖರ್ಚಿನಲ್ಲಿ ಪರಸ್ಥಳದ ಹುಡುಗನ ಪಾಠಕ್ಕೂ ಒಂದು ಪಾಲು ಇದೆಯೆಂದು ಆ ಊರು ಒಪ್ಪಿಕೊಂಡಿದ್ದಿತು ಎಂಬದು ಮಾತ್ರ ನಿಜ. ಆ ಶಾಲೆಯ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೆ ತೆರೆದಿರಲಿಲ್ಲವೆಂಬದೂ ಅಷ್ಟೇ ನಿಜ. ವೇದಶಾಸ್ತ್ರಗಳ ಆ ಶಾಲೆಗೆ ಕೃಷಿಕನ ಮಗನು ಸೇರಲಾರನಾಗಿದ್ದನು.

ಅಲ್ಲಿಂದ ಸುಮಾರು ಒಂಬತ್ತು ಶತಮಾನಗಳನ್ನು ದಾಟಿ ಬಂದರೆ ಬೇರೊಂದು ನೋಟ ಕಾಣುವದು. ಮದ್ರಾಸಿನ ಗವರ್ನರನಾದ ಮನ್ರೋ ಸಾಹೇಬನ ಅಪ್ಪಣೆಯ ಮೇರೆಗೆ ಬಳ್ಳಾರಿಯ ಕಲೆಕ್ಟರನಾದ ಕ್ಯಾಂಪ್‌ಬೆಲ್ಲನು ೧೮೨೩ರಲ್ಲಿ ತನ್ನ ಜಿಲ್ಲೆಯ ಶಾಲೆಗಳನ್ನು ಎಣಿಸಿ ವರದಿ ಕಳಿಸಿದನು. ಒಟ್ಟು ೫೩೩ ಶಾಲೆಗಳು; ಅವುಗಳಲ್ಲಿ ೨೩೫ ಕನ್ನಡದವು, ೨೨೬ ತೆಲುಗಿನವು, ಮರಾಠಿ ಮತ್ತು ಸಂಸ್ಕೃತದವು ತಲಾ ೨೩, ಪಾರ್ಸಿಯವು ೨೧, ತಮಿಳಿನವು ೪, ಇಂಗ್ಲಿಷಿನದು ಒಂದೇ ಒಂದು. ಓದುವ ಮಕ್ಕಳು ೬,೬೪೧. ಇಷ್ಟು ಶಾಲೆಗಳಲ್ಲಿ ಒಂದಕ್ಕೂ ರಾಜ್ಯದಿಂದ ಕವಡೆಯ ಸಹಾಯವಿಲ್ಲವೆಂದು ಆ ಅಧಿಕಾರಿಯು ನಾಚಿಕೆಪಟ್ಟು ಬರೆದಿರುವನು. ಹಿಂದಿನ ಅರಸರ ದತ್ತಿಗಳು ನಿಂತುಹೋದವು, ಕೈಕಸಬುದಾರರು ಬಡವರಾದರು, ಅದರಿಂದ ಶಾಲೆಗಳೂ ಕುಗ್ಗಿದವು ಎಂದು ಕಾರಣವನ್ನೂ ಕಾಣಿಸಿರುವನು. ಮುಂಬಯಿ ಇಲಾಖೆಗೆ ಸೇರಿದ ಕನ್ನಡ ಜಿಲ್ಲೆಗಳ ಸ್ಥಿತಿಯು ಇದಕ್ಕಿಂತ ವಿಚಿತ್ರವಾದದ್ದು. ಅಲ್ಲಿ ಸರಕಾರವು ಶಾಲೆ ತೆರೆದರೂ ಕನ್ನಡ ಮಕ್ಕಳಿಗೆ ಮರಾಠಿಯಲ್ಲಿ ಪಾಠ. ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ಟನು ೧೮೩೦ರ ಸುಮಾರಿಗೆ ತನ್ನ ಸ್ವಂತ ಹಣದಿಂದ ಕನ್ನಡ ಶಾಲೆಯೊಂದನ್ನು ನಡೆಸಬೇಕಾಯಿತು.

ಇಂಥ ಕಾಲದಲ್ಲಿ ಕನ್ನಡ ನಾಡಿನ ಕೆಲವು ಊರುಗಳ ಶಾಲೆಗಳಿಗೆ ಹಣವು ಬಂದದ್ದು ಯಾರೂ ಎಣಿಸದ ಒಂದು ಮೂಲದಿಂದ. ಅದು ಯೂರೋಪ ಖಂಡದ ಸ್ವಿಟ್ಜರ್ಲಂಡ ದೇಶದ ಬಾಸೆಲ್ ಪಟ್ಟಣ. ಅಲ್ಲಿ ೧೮೧೫ರಲ್ಲಿ ಹುಟ್ಟಿದ ಮಿಶನ್ ಸಂಸ್ಥೆಯು ಆಫ್ರಿಕದ ಪಡುಗಡಲ ತೀರದಲ್ಲಿ, ಇಂದು ಘಾನಾ ಎಂದು ಹೆಸರಾದ ಆಗಿನ ಗೋಲ್ಡ್ ಕೋಸ್ಟ್ ಸೀಮೆಯಲ್ಲಿ, ೧೮೨೮ರಿಂದ ಕೆಲಸ ಮಾಡುತ್ತಿದ್ದಿತು. ೧೮೩೪ರಲ್ಲಿ ಮಂಗಳೂರಿಗೂ ೧೮೩೭ರಲ್ಲಿ ಧಾರವಾಡಕ್ಕೂ ಬಂದಿತು. ಎರಡು ಖಂಡಗಳ ಶಾಲೆಗಳೂ ಒಂದೇ ಚೀಲದಿಂದ ನಡೆಯಬೇಕಾಗಿ ಖರ್ಚು ಬೆಳೆದಾಗ, ೧೮೫೪–೫೫ರಲ್ಲಿ, ಕಾರ್ಲ್ ಸಾರಾಸಿನ್ ಎಂಬ ರೇಶ್ಮೆಪಟ್ಟಿಗಳ ಕಾರಖಾನೆಯ ಒಡೆಯನು ಒಂದು ಉಪಾಯವನ್ನು ಹೂಡಿದನು. ದೊಡ್ಡವರ ಬಾಗಿಲಿಗೆ ಹೋಗುವದನ್ನು ಬಿಟ್ಟು ಸಣ್ಣವರ ಬಾಗಿಲಿಗೆ ಹೋಗತಕ್ಕದ್ದು. ಒಬ್ಬೊಬ್ಬನೂ ವಾರಕ್ಕೆ ಅರ್ಧ ಬಾಟ್ಸೆನ್ ಮಾತ್ರ ಕೊಡತಕ್ಕದ್ದು. ಬಾಟ್ಸೆನ್ ಎಂಬದು ಆ ನಾಡಿನ ಹಳೆಯ ನಾಣ್ಯ. ೧೮೫೦ರಲ್ಲಿ ಹೊಸ ಫ್ರಾಂಕು ಚಲಾವಣೆಗೆ ಬಂದ ಮೇಲೆ ೧೦ ರಾಪ್ಪೆನ್ನುಗಳಿಗೆ ಜನರು ಆ ಹಳೆಯ ಹೆಸರನ್ನೇ ಉಳಿಸಿಕೊಂಡಿದ್ದರು. ಆದುದರಿಂದ ಅರ್ಧ ಬಾಟ್ಸೆನ್ ಎಂದರೆ ೫ ರಾಪ್ಪೆನ್. ಕನ್ನಡದಲ್ಲಿ ಇದನ್ನು ಅರೆಕಾಸು ಎಂದು ಕರೆದರೆ ತಪ್ಪಾಗಲಾರದು.

ಇದರ ಲೆಕ್ಕವು ಮೂರನೆಯ ಇಯತ್ತೆಯ ಹುಡುಗನಿಗೂ ಬರುವಂಥದು. ವಾರಕ್ಕೆ ೫ ರಾಪ್ಪೆನ್ನಿನಂತೆ ೫೨ ವಾರಗಳಿಗೆ ೨೬೦ ರಾಪ್ಪೆನ್, ಎಂದರೆ ೨ ಫ್ರಾಂಕು ೬೦. ಹತ್ತು ಜನ ಕೊಡುವವರಿಗೆ ಒಬ್ಬ ಸಂಗ್ರಾಹಕ. ಒಂದು ಹತ್ತರಿಂದ ವರುಷಕ್ಕೆ ೨೬ ಫ್ರಾಂಕು. ಸಂಗ್ರಾಹಕರಲ್ಲಿ ಬಹು ಮಂದಿ ಹೆಂಗಸರು. ಅವರು ವಾರವಾರವೂ ಮನೆಯ ಬಾಗಿಲಿಗೆ ಹೋಗಿ ಕಾಸನ್ನು ಇಸಿದುಕೊಳ್ಳುವರು. ದೂರದ ಕೇಂದ್ರಗಳ ಸುದ್ದಿಯನ್ನು ಅಚ್ಚು ಮಾಡಿದ ಸಣ್ಣ ಹಾಳೆಗಳನ್ನು ಹಂಚುವರು. ಕೊಡುವವರು ಬಾಸೆಲ್ಲಿನ ಸುತ್ತಲಿನ ಹಳ್ಳಿಗರು, ಜರ್ಮನಿಯ ವ್ಯೂರ್ಟೆಂಬೆರ್ಗದ ಒಕ್ಕಲಿಗರು, ಮನೆಗೆಲಸದ ಹೆಣ್ಣುಮಕ್ಕಳು, ಕಸಬುದಾರರು. ಬಾಸೆಲ್ ಸೀಮೆಯ ಹಳ್ಳಿಗಳಲ್ಲಿ ಮನೆಮನೆಗೆ ರೇಶ್ಮೆಪಟ್ಟಿ ನೇಯುವ ಮಗ್ಗಗಳಿದ್ದವು. ಆ ಕಾಸುಗಳಲ್ಲಿ ನೇಕಾರನ ಕಾಸೂ ಇದ್ದಿರಲೇಬೇಕು. ಹೀಗೆ ಕೂಡಿದ ಅರೆಕಾಸುಗಳು ಕಾಲಾಂತರದಲ್ಲಿ ಸಂಸ್ಥೆಯ ಆದಾಯದ ಗಣ್ಯ ಭಾಗವಾದವು.

ಆ ಹಣವು ಹೋದ ಆಫ್ರಿಕದ ನೆಲವು ಮೊದಲು ಮೃತ್ಯುವಿನ ನೆಲವಾಗಿದ್ದಿತು. ೧೮೨೮ರ ಡಿಸೆಂಬರಿನಲ್ಲಿ ಇಳಿದ ನಾಲ್ವರು ತರುಣರೂ ೧೮೩೧ರೊಳಗೆ ಜ್ವರದಿಂದ ತೀರಿಹೋದರು. ೧೮೩೨ರಲ್ಲಿ ಬಂದ ಮೂವರಲ್ಲಿ ಆಂಡ್ರಿಯಾಸ್ ರೀಸ್ ಒಬ್ಬನೇ ಉಳಿದನು. ಅವನು ೧೮೩೫ರಲ್ಲಿ ಕರಾವಳಿಯನ್ನು ಬಿಟ್ಟು ಒಳನಾಡಿನ ಗುಡ್ಡದ ಮೇಲಿನ ಅಕ್ರೊಪಾಂಗ್ ಎಂಬ ಊರನ್ನು ಸೇರಿದನು. ಅಲ್ಲಿಯ ಮುಂದಿನ ಘಟನೆಯು ಕಥೆಯಂತೆ ತೋರಿದರೂ ಕಥೆಯಲ್ಲ. ೧೮೪೩ರಲ್ಲಿ ಜಮೈಕಾ ಮತ್ತು ಆಂಟಿಗುವಾ ದ್ವೀಪಗಳಿಂದ ಕೆಲವು ಕರಿಯ ಕುಟುಂಬಗಳು ಹಡಗನ್ನೇರಿ ಅಕ್ರೊಪಾಂಗಿಗೆ ಬಂದು ನೆಲಸಿದವು. ಅವರ ಪೂರ್ವಿಕರನ್ನು ಆಫ್ರಿಕದ ತೀರದಿಂದಲೇ ಗುಲಾಮರನ್ನಾಗಿ ಒಯ್ದಿದ್ದರು. ಬ್ರಿಟಿಶ್ ದ್ವೀಪಗಳಲ್ಲಿ ೧೮೩೪–೩೮ರ ಅವಧಿಯಲ್ಲಿ ಗುಲಾಮಗಿರಿಯು ಅಳಿದ ಮೇಲೆ ಮೊಮ್ಮಕ್ಕಳು ತಾವಾಗಿ ಮರಳಿ ಬಂದರು. ೧೮೪೮ರಲ್ಲಿ ಅಲ್ಲಿ ಶಿಕ್ಷಕರನ್ನು ತಯಾರಿಸುವ ಶಾಲೆಯು ತೆರೆಯಿತು. ಅಲ್ಲಿ ಕಲಿತವರು ಸುತ್ತಲಿನ ಹಳ್ಳಿಗಳಿಗೆ ಹೋಗಿ ಪಾಠ ಹೇಳಿದರು. ಹಳ್ಳಿಯ ಶಾಲೆಯ ಪಾಠವು ಊರಿನ ಮಾತಾದ ತ್ವಿ ಅಥವಾ ಗಾ ಭಾಷೆಯಲ್ಲಿ ನಡೆಯಬೇಕೆಂಬದು ಬಾಸೆಲಿನವರ ಹಟ. ಕ್ರಿಸ್ಟಾಲರನು ೧೮೭೫ರಲ್ಲಿ ತ್ವಿ ವ್ಯಾಕರಣವನ್ನೂ ೧೮೮೧ರಲ್ಲಿ ಕೋಶವನ್ನೂ ಹೊರಡಿಸಿದನು.

ಅದೇ ಹಟವೇ ಕನ್ನಡಕ್ಕೆ ಒದಗಿತೆಂಬದನ್ನು ಬೇರೆ ಹೇಳಬೇಕಾದ್ದಿಲ್ಲ. ೧೮೪೩ರಲ್ಲಿ ಮೋಗ್ಲಿಂಗನ 'ಮಂಗಳೂರ ಸಮಾಚಾರ', ೧೮೯೪ರಲ್ಲಿ ಕಿಟ್ಟೆಲ್ಲನ ಕೋಶ. ಇವನ್ನು ಎಲ್ಲರೂ ಬಲ್ಲರು, ಎಲ್ಲರೂ ಹೊಗಳುವರು. ಕೋಶದ ಹಿಂದಿದ್ದ ಹಳ್ಳಿಯ ಶಾಲೆಗಳನ್ನು ನೆನೆಯುವವರು ಕಡಿಮೆ. ಧಾರವಾಡದ ತರುವಾಯ ೧೮೩೯ರಲ್ಲಿ ಹುಬ್ಬಳ್ಳಿ, ೧೮೪೧ರಲ್ಲಿ ಗದಗದ ಬೆಟಗೇರಿ, ೧೮೫೧ರಲ್ಲಿ ಗುಳೇದಗುಡ್ಡ. ಬೆಳಗಾವಿಯಲ್ಲಿ ೧೮೨೦ರಿಂದ ಲಂಡನ್ ಮಿಶನ್ನು ನೆಲೆ ನಿಂತಿದ್ದಿತು. ಬಾಸೆಲಿನವರು ಇತ್ತ ಗೋಕಾಕ, ಹುಕ್ಕೇರಿಗಳ ಕಡೆಗೆ ನೆಲೆ ಮಾಡಲಿಲ್ಲ. ಅರೆಕಾಸು ಈ ನದಿಗೆ ಅತ್ಯಂತ ಸಮೀಪಕ್ಕೆ ಬಂದದ್ದು ಘಟಪ್ರಭೆ ಮಲಪ್ರಭೆಗಳ ನಡುವಣ ಗುಳೇದಗುಡ್ಡದಲ್ಲಿ. ಅದು ಖಣ ನೇಯುವವರ ಊರು. ರೈನ್ ನದಿಯ ದಂಡೆಯ ಮಗ್ಗದಿಂದ ಹೊರಟ ಕಾಸು ಸಾಗರಗಳನ್ನು ದಾಟಿ ಗುಳೇದಗುಡ್ಡದ ಮಗ್ಗದ ಮನೆಯ ಹುಡುಗನ ಕೈಗೆ ಪಾಟಿಯಾಗಿ ಬಂದಿತು. ಅದೇ ವಾರದ ಇನ್ನೊಂದು ಕಾಸು ಅಕ್ರೊಪಾಂಗಿನ ಹುಡುಗನ ಕೈಗೆ ಹೋಯಿತು. ಕೊಟ್ಟವನಿಗೆ ಈ ಇಬ್ಬರ ಮುಖವೂ ಗೊತ್ತಿರಲಿಲ್ಲ. ಈ ಇಬ್ಬರು ಹುಡುಗರಿಗೆ ಪರಸ್ಪರರ ಹೆಸರೂ ಗೊತ್ತಿರಲಿಲ್ಲ.

ಇಷ್ಟಕ್ಕೇ ನಿಂತರೆ ಇತಿಹಾಸವು ಸ್ತುತಿಯಾಗುವದು. ಅರೆಕಾಸಿಗೆ ಒಂದು ಬೆಲೆಯಿದ್ದಿತು. ಕೊಟ್ಟವರು ಮಗುವಿಗೆ ಅಕ್ಷರವನ್ನು ಮಾತ್ರ ಬಯಸಿ ಕೊಟ್ಟಿರಲಿಲ್ಲ. ಆ ಮಗುವು ತನ್ನ ತಂದೆತಾಯಿಗಳ ದೇವರನ್ನು ಬಿಟ್ಟು ತಮ್ಮ ದೇವರನ್ನು ನಂಬಬೇಕೆಂದು ಬಯಸಿ ಕೊಟ್ಟಿದ್ದರು. ಶಾಲೆಯಲ್ಲಿ ಲೆಕ್ಕದ ಜೊತೆಗೆ ಮತಬೋಧೆಯೂ ಪಾಠವಾಗಿದ್ದಿತು. ಊರಿನ ಪೂಜೆ, ಉತ್ಸವ, ಮಠಗಳನ್ನು ಹಳಿದು ಬರೆದ ಹೊತ್ತಿಗೆಗಳೂ ಅದೇ ಮುದ್ರಣಾಲಯದಿಂದ ಹೊರಬಂದವು. ತಮ್ಮ ಮನೆಯ ಆಚಾರವು ಕತ್ತಲೆಯೆಂದು ಶಾಲೆಯಲ್ಲಿ ಕೇಳಿ ಸಾಯಂಕಾಲ ಅದೇ ಮನೆಗೆ ಮರಳಬೇಕಾದ ಹುಡುಗನ ಮನಸ್ಸಿನ ಇಕ್ಕಟ್ಟನ್ನು ಯಾವ ವಾರ್ಷಿಕ ವರದಿಯೂ ಬರೆದಿಡುವದಿಲ್ಲ.

ಜರ್ಮನ ಮಾತಿನ ದೇಶಗಳ ಮಿಶನ್ ಸಭೆಗಳಲ್ಲಿಯೂ ಭಾನುವಾರದ ಶಾಲೆಗಳಲ್ಲಿಯೂ ಒಂದು ಬಗೆಯ ಹಣದ ಪೆಟ್ಟಿಗೆಯು ಬಹುಕಾಲ ಬಳಕೆಯಲ್ಲಿದ್ದಿತು. ಪೆಟ್ಟಿಗೆಯ ಮೇಲೆ ಮಂಡಿಯೂರಿ ಕೈಜೋಡಿಸಿದ ಆಫ್ರಿಕದ ಬಾಲಕನ ಗೊಂಬೆ. ಸೀಳಿನೊಳಗೆ ಕಾಸು ಬಿದ್ದೊಡನೆ ಗೊಂಬೆಯು ತಲೆ ಬಾಗಿಸುವದು. ಕಾಸು ಹಾಕಿದ ಮಗುವಿಗೆ ಸಂತೋಷ. ಆ ಮಗುವನ್ನು ದೂಷಿಸಲಾಗದು. ಆದರೆ ಗೊಂಬೆಯನ್ನು ಮಾಡಿದವರಿಗೆ ಕೊಡುವವನ ಸಂತೋಷಕ್ಕೆ ಪಡೆದವನ ತಲೆಯು ಬಾಗಬೇಕೆಂದು ತೋರಿದ್ದು ಏಕೆ? ತೈತ್ತಿರೀಯದ ಶಿಕ್ಷಾವಲ್ಲಿಯಲ್ಲಿ ವಿದ್ಯೆ ಮುಗಿಸಿ ಹೊರಡುವ ಶಿಷ್ಯನಿಗೆ ಆಚಾರ್ಯನು ದಾನದ ವಿಧಿಯನ್ನು ತಿಳಿಸುವಾಗ, ಕೊಡುವವನಿಗೆ ಇರಬೇಕಾದವುಗಳಲ್ಲಿ ಶ್ರದ್ಧೆಯ ಜೊತೆಗೆ ಲಜ್ಜೆಯನ್ನೂ ಎಣಿಸಿರುವನು. ತಲೆ ತಗ್ಗಿಸಬೇಕಾದವನು ಅಲ್ಲಿ ಕೊಡುವವನೇ. ಹಾಗೆಂದು ಆ ವಿಧಿಯನ್ನು ಬಾಯಿಪಾಠ ಮಾಡಿದ ಪಾಠಶಾಲೆಗಳು ಎಷ್ಟು ಮಕ್ಕಳನ್ನು ಹೊಸ್ತಿಲ ಹೊರಗೆ ನಿಲ್ಲಿಸಿದವೆಂಬದನ್ನು ಮರೆತು ಪರರ ಗೊಂಬೆಯನ್ನು ಬೈಯುವದು ನ್ಯಾಯವಲ್ಲ. ಬಾಸೆಲಿನವರ ಶಾಲೆಯಲ್ಲಿ ಮತದ ಒತ್ತಾಯವಿದ್ದಿತು, ಜಾತಿಯ ಅಡ್ಡಿಯಿರಲಿಲ್ಲ. ಮುಟ್ಟಬಾರದವನೆಂದು ಊರು ದೂರವಿಟ್ಟ ಹುಡುಗನು ಎಲ್ಲರ ಸಾಲಿನಲ್ಲಿ ಕುಳಿತದ್ದು ಅಂಥ ಶಾಲೆಗಳಲ್ಲಿ.

ಅಲ್ಲದೆ ಆ ಶಾಲೆಗಳಿಂದ ಹೊರಬಂದವರು ಗೊಂಬೆಗಳಾಗಿ ಉಳಿಯಲಿಲ್ಲ. ಗೋಲ್ಡ್ ಕೋಸ್ಟಿನ ಕಾರ್ಲ್ ಕ್ರಿಶ್ಚಿಯನ್ ರೈನ್‌ಡಾರ್ಫನು ಮಿಶನ್ ಶಾಲೆಯಲ್ಲಿ ಕಲಿತು ಪಾದ್ರಿಯಾದವನು. ಅವನು ಇನ್ನೂರಕ್ಕೂ ಹೆಚ್ಚು ಸ್ತ್ರೀಪುರುಷರ ಬಾಯಿಂದ ಹಳೆಯ ವೃತ್ತಾಂತಗಳನ್ನು ಕೇಳಿ ಬರೆದುಕೊಂಡು, ತನ್ನ ನಾಡಿನ ಮತ್ತು ಅಸಾಂತೆ ರಾಜ್ಯದ ಇತಿಹಾಸವನ್ನು ೧೮೯೫ರಲ್ಲಿ ಪ್ರಕಟಿಸಿದನು. ಇತ್ತ ಕನ್ನಡ ನಾಡಿನಲ್ಲಿ ೧೮೮೧ರಲ್ಲಿ ಧಾರವಾಡದಲ್ಲಿ ಹುಟ್ಟಿದ ಚನ್ನಪ್ಪ ಉತ್ತಂಗಿಯವರೂ ಬಾಸೆಲ್ ಮಿಶನ್ನಿನ ಶಿಕ್ಷಣದಲ್ಲಿಯೇ ಬೆಳೆದು ಪಾದ್ರಿಯಾದವರು. ಅವರು ಹಳ್ಳಿಹಳ್ಳಿಗಳ ಜನರ ಬಾಯಲ್ಲಿಯೂ ಹಸ್ತಪ್ರತಿಗಳಲ್ಲಿಯೂ ಚೆದರಿದ್ದ ಸರ್ವಜ್ಞನ ವಚನಗಳನ್ನು ಕೂಡಿಸಿ, ಪರಿಷ್ಕರಿಸಿ, ೧೯೨೪ರಲ್ಲಿ ಅಚ್ಚು ಹಾಕಿಸಿದರು. ೧೯೪೯ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಮಗುವು ತನ್ನ ಹಿರಿಯರ ಮಾತನ್ನು ಮರೆಯಲೆಂದು ಕೊಟ್ಟ ಕಾಸು, ಹಿರಿಯರ ಮಾತನ್ನು ಕೂಡಿಡುವ ಕೈಗೆ ಅಕ್ಷರವನ್ನು ಕಲಿಸಿತು. ಅರ್ಧ ಬಾಟ್ಸೆನ್ ಕೊಟ್ಟ ಹಳ್ಳಿಗನಿಗೆ ಇದನ್ನು ಹೇಳಿದ್ದರೆ ಸಂತೋಷಪಡುತ್ತಿದ್ದನೋ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದನೋ!

೧೯೧೪ರಲ್ಲಿ ಯೂರೋಪದ ಮಹಾಯುದ್ಧವು ತೊಡಗಿತು. ಮಿಶನ್ನಿನ ಬೋಧಕರಲ್ಲಿ ಅನೇಕರು ಜರ್ಮನರಾಗಿದ್ದುದರಿಂದ ಬ್ರಿಟಿಶ್ ಸರಕಾರಕ್ಕೆ ಅವರು ಶತ್ರುಗಳಾದರು. ಹಿಂದುಸ್ಥಾನದಲ್ಲಿ ಅವರನ್ನು ಬಂಧನದಲ್ಲಿಟ್ಟು ತರುವಾಯ ಹೊರಗೆ ಕಳಿಸಿದರು. ಹಂಚಿನ ಮತ್ತು ನೇಯ್ಗೆಯ ಕಾರಖಾನೆಗಳು ಕೈಬದಲಾದವು. ಗೋಲ್ಡ್ ಕೋಸ್ಟಿನಿಂದ ೧೯೧೭ರ ಡಿಸೆಂಬರಿನಲ್ಲಿ ಹೊರಡಿಸಿದರು. ಅರೆಕಾಸಿನ ದಾರಿಯು ಮುಚ್ಚಿತು. ಶಾಲೆಗಳು ಆ ವರುಷವೇ ಬಿದ್ದುಹೋಗಬೇಕಾಗಿದ್ದಿತು, ಬೀಳಲಿಲ್ಲ. ಅಕ್ರೊಪಾಂಗಿನ ಸೀಮೆಯಲ್ಲಿ ಊರಿನ ಶಿಕ್ಷಕರೂ ಸಭೆಗಳೂ ಕೆಲಸವನ್ನು ಹಿಡಿದು ನಡೆಸಿದರು. ೧೯೧೮ರಲ್ಲಿ ಸ್ಕಾಟ್‌ಲಂಡಿನ ಮಿಶನ್ನು ಬೆಂಬಲಕ್ಕೆ ಬಂದಿತು. ಅದೇ ವರುಷ ಅಲ್ಲಿಯ ಸಭೆಗಳ ಮಂಡಲಕ್ಕೆ ಮೊದಲ ಅಧ್ಯಕ್ಷನಾದ ಪೀಟರ್ ಹಾಲನು, ೧೮೪೩ರಲ್ಲಿ ಜಮೈಕಾದಿಂದ ಬಂದವರಲ್ಲಿ ಒಬ್ಬನ ಮಗ. ಪರದೇಶದ ಕಾಸು ನಿಂತ ದಿನ ಶಾಲೆಯು ನಿಲ್ಲುವದೋ ಬೀಳುವದೋ ಎಂಬದು ಕಾಸಿನ ತೂಕದಿಂದ ತಿಳಿಯುವದಿಲ್ಲ. ಅಷ್ಟರೊಳಗೆ ಆ ಊರಿನಲ್ಲಿಯೇ ಪಾಠ ಹೇಳಬಲ್ಲ ಕೈಗಳು ತಯಾರಾಗಿದ್ದವೋ ಇಲ್ಲವೋ ಎಂಬದರ ಮೇಲೆ ನಿಂತಿರುವದು.

ಆ ಯುದ್ಧದ ನಡುವೆಯೇ, ೧೯೧೬ರ ನವೆಂಬರ ೧೩ರಂದು, ಬೆಳಗಾವಿಯಲ್ಲಿ ಏಳು ಜನರು ಕೂಡಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸಾಯಿಟಿಯನ್ನು ಸ್ಥಾಪಿಸಿದರು. ಇದಕ್ಕೆ ಮೊದಲೇ ೧೮೮೩ರಲ್ಲಿ ಗಿಲಗಂಚಿ ಗುರುಸಿದ್ಧಪ್ಪನವರೂ ಅರಟಾಳ ರುದ್ರಗೌಡರೂ ಧಾರವಾಡದಲ್ಲಿ ಬಡ ವಿದ್ಯಾರ್ಥಿಗಳಿಗೆಂದು ಒಂದು ನಿಧಿಯನ್ನು ಕೂಡಿಸಿದ್ದರು. ಶಿರಸಂಗಿಯ ಲಿಂಗರಾಜ ದೇಸಾಯಿಯವರು, ೧೯೦೬ರಲ್ಲಿ ತೀರಿಕೊಳ್ಳುವ ಮುನ್ನ, ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟಿದ್ದರು. ಆದರೆ ಬೆಳಗಾವಿಯ ಏಳು ಜನರ ಬಳಿ ಸಂಸ್ಥಾನವೂ ಇರಲಿಲ್ಲ, ವಾರವಾರ ಬಾಗಿಲಿಗೆ ಬರುವ ಸಂಗ್ರಾಹಕಿಯೂ ಇರಲಿಲ್ಲ. ಅವರಲ್ಲಿ ಶಿ. ಶಿ. ಬಸವನಾಳರು, ಎಂ. ಆರ್. ಸಾಖರೆಯವರು ಮೊದಲಾದವರು ಪದವೀಧರರು. ಸರಕಾರದ ದೊಡ್ಡ ನೌಕರಿಗಳು ಅವರಿಗೆ ದುರ್ಲಭವಾಗಿರಲಿಲ್ಲ. ಅವನ್ನು ಬಿಟ್ಟು ಅಲ್ಪ ಸಂಬಳಕ್ಕೆ ಬಾಳುವೆಯನ್ನೇ ಶಾಲೆಗೆ ಒಪ್ಪಿಸಿದರು. ಅವರು ತೆರೆದ ಮೊದಲ ಶಾಲೆಗೆ ಗಿಲಗಂಚಿ ಮತ್ತು ಅರಟಾಳರ ಹೆಸರು, ೧೯೩೩ರ ಕಾಲೇಜಿಗೆ ಲಿಂಗರಾಜರ ಹೆಸರು. ತಮ್ಮ ಹೆಸರನ್ನು ಎಲ್ಲಿಯೂ ಇಡಲಿಲ್ಲ. ತೈತ್ತಿರೀಯದ ಲಜ್ಜೆಯು ಈ ಏಳು ಜನರಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆ ಕಡೆಯಲ್ಲಿ ಕಾಣುವದು ಕಷ್ಟ. ಬಸವನಾಳರು ೧೯೪೪ರಲ್ಲಿ ಮೂಡಲಗಿಯಿಂದ ಬಹು ದೂರವಲ್ಲದ ರಬಕವಿಯಲ್ಲಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನು ವಹಿಸಿದರು.

ಈ ದಾನಗಳಿಗೂ ಮಿತಿಯಿದ್ದಿತೆಂಬದನ್ನು ಮುಚ್ಚಿಡಬೇಕಾಗಿಲ್ಲ. ದತ್ತಿಗಳು ಮೊದಲು ಒಂದು ಸಮಾಜದ ಮಕ್ಕಳಿಗೆಂದು ಹುಟ್ಟಿದವು. ಮಿಶನ್ನಿನ ಕಾಸಿಗೆ ಮತದ ಬೆಲೆಯಿದ್ದಂತೆ ಇವಕ್ಕೆ ಕುಲದ ಬೇಲಿಯಿದ್ದಿತು. ಶಾಲೆಗಳ ಬಾಗಿಲು ಕಾಲಕ್ರಮದಲ್ಲಿ ಎಲ್ಲರಿಗೂ ತೆರೆಯಿತು. ಇನ್ನೊಂದು ಮಿತಿಯು ಹೆಚ್ಚು ಚುಚ್ಚುವಂಥದು. ಹಣವೆಲ್ಲ ಬೆಳಗಾವಿ ಧಾರವಾಡಗಳಂಥ ಪಟ್ಟಣಗಳ ಹೈಸ್ಕೂಲು, ಕಾಲೇಜುಗಳಿಗೆ ಹರಿಯಿತು. ಜೋಳದ ರಾಶಿಯಿಂದ ಐಗಳಿಗೆ ಪಾಲು ತೆಗೆಯುತ್ತಿದ್ದ ಹಳ್ಳಿಯು ತನ್ನ ಜಾಣ ಹುಡುಗನನ್ನು ಪಟ್ಟಣಕ್ಕೆ ಕಳಿಸಿತು, ಅವನು ಮರಳಿ ಬರುವದು ವಿರಳವಾಯಿತು. ಹುಕ್ಕೇರಿಯ ಸೀಮೆಯಲ್ಲಿ ದೊಡ್ಡ ದಾನಿಯ ಹೆಸರೆಂದರೆ ವಂಟಮುರಿಯ ರಾಜಾ ಲಖಮಗೌಡರದು. ಬೆಳಗಾವಿಯ ವಿಜ್ಞಾನದ ಕಾಲೇಜು ಅವರ ಹೆಸರಿನಿಂದ ನಡೆದಿದೆ; ಘಟಪ್ರಭೆಗೆ ಹಿಡಕಲ್ಲಿನಲ್ಲಿ ಕಟ್ಟಿದ ಜಲಾಶಯಕ್ಕೂ ಅವರದೇ ಹೆಸರು.

ಬೆಳಗಾವಿಯ ಗಿಲಗಂಚಿ-ಅರಟಾಳ ಹೈಸ್ಕೂಲೂ ಧಾರವಾಡದ ಬಾಸೆಲ್ ಮಿಶನ್ ಹೈಸ್ಕೂಲೂ ಇಂದಿಗೂ ನಡೆದಿವೆ. ೧೮೪೮ರಲ್ಲಿ ಅಕ್ರೊಪಾಂಗಿನಲ್ಲಿ ತೆರೆದ ಶಿಕ್ಷಕರ ಶಾಲೆಯೂ, ಈಗ ಕಾಲೇಜಾಗಿ, ಅದೇ ಗುಡ್ಡದ ಮೇಲೆ ನಡೆದಿದೆ. ಅಲ್ಲಿ ಕಲಿತವರು ಈಗಲೂ ಘಾನಾದ ಹಳ್ಳಿಗಳ ಶಾಲೆಗಳಿಗೆ ಪಾಠ ಹೇಳಲು ಹೋಗುವರು.